ಸ್ಪೆಕ್ ಫೈಲ್ ಇದ್ದರೆ ಡಾಕ್ಯುಮೆಂಟೇಶನ್ ತಾನಾಗಿಯೇ ಆಗುತ್ತದೆಯೇ?

ವಿಲ್ಸನ್ ಗಾರ್ಡನ್ ಹತ್ತನೇ ಕ್ರಾಸ್‌ನಲ್ಲಿ ನಿಂತು ಯಾರೋ 'ನಮ್ಮ ಯಾತ್ರಿ'ಯಲ್ಲಿ ಆಟೋ ಹುಡುಕುತ್ತಾರೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಆ್ಯಪ್ ನಿಂತಿರುವುದು ಬೆಕ್ನ್ ಎಂಬ ಮುಕ್ತ ಪ್ರೋಟೊಕಾಲ್ ಮೇಲೆ. ಬೆಕ್ನ್‌ನ ಎಪಿಐ ನಿಯಮಗಳು ಓಪನ್‌ಎಪಿಐ ಮಾದರಿಯ ಯಾಮಲ್ ಫೈಲ್‌ಗಳಲ್ಲಿವೆ. ಯಾರು ಬೇಕಾದರೂ ತೆರೆದು ಓದಬಹುದು. ಸ್ಪೆಕ್ ಎನ್ನುವ ಅಂಥ ಫೈಲನ್ನು ಸ್ವ್ಯಾಗರ್ ಯುಐ ಅಥವಾ ರೀಡಾಕ್ ಎಂಬ ಸಾಧನಕ್ಕೆ ಕೊಟ್ಟರೆ ಕ್ಷಣದಲ್ಲಿ ಅಚ್ಚುಕಟ್ಟಾದ ದಾಖಲೆ ಪುಟ ಸಿದ್ಧ. ಅದನ್ನು ನೋಡಿದ ಅನೇಕರು, ಇನ್ನು ಬರೆಯುವುದೇನೂ ಉಳಿದಿಲ್ಲ ಎಂದುಕೊಳ್ಳುತ್ತಾರೆ.

ಉಳಿದಿರುತ್ತದೆ, ಅದೂ ಬಹಳ. ಬೆಕ್ನ್‌ನಲ್ಲಿ ಸ್ಥಳ ತಿಳಿಸಲು 'ಜಿಪಿಎಸ್' ಎಂಬ ಫೀಲ್ಡ್ ಇದೆ. ಮೊದಲು ಅಕ್ಷಾಂಶ, ಅಲ್ಪವಿರಾಮ, ಆಮೇಲೆ ರೇಖಾಂಶ. ವಿಲ್ಸನ್ ಗಾರ್ಡನ್‌ಗೆ ಸುಮಾರು 12.95, 77.60. ಸ್ಪೆಕ್‌ನ ನಮೂನೆ ನೋಡುವುದು ಮೊದಲ ಸಂಖ್ಯೆ 90ನ್ನೂ ಎರಡನೆಯದು 180ನ್ನೂ ದಾಟದಿರಲಿ ಎಂಬುದನ್ನಷ್ಟೇ. ನಕ್ಷೆಯ ದತ್ತಾಂಶಕ್ಕೆ ಬಳಸುವ ಜಿಯೋಜೇಸನ್‌ನಲ್ಲಿ ಕ್ರಮ ತಿರುಗುಮುರುಗು, ರೇಖಾಂಶವೇ ಮೊದಲು. ಅದೇ ಅಭ್ಯಾಸದಲ್ಲಿ ಎಂಜಿನಿಯರ್ ಒಬ್ಬರು 77.60, 12.95 ಎಂದು ಕಳಿಸಿದರೂ ತಪಾಸಣೆ ಪಾಸಾಗುತ್ತದೆ. ಆಟೋ ಕರೆದ ಜಾಗ ಮಾತ್ರ ನಾರ್ವೆಯ ಮುಖ್ಯ ಭೂಭಾಗಕ್ಕೂ ಉತ್ತರಕ್ಕಿರುವ ಸ್ವಾಲ್ಬಾರ್ಡ್ ಪಕ್ಕದ ಸಮುದ್ರ! ತಡೆಯಲು ಒಂದು ಉದಾಹರಣೆ, 'ಅಕ್ಷಾಂಶ ಮೊದಲು' ಎಂಬ ಎರಡು ಪದ ಸಾಕು. ಆದರೆ ಅದನ್ನು ಮನುಷ್ಯರೇ ಬರೆಯಬೇಕು.

ಕರೆಗಳ ಸರಣಿಯ ಕಥೆಯೂ ಇದೇ. 'ಸರ್ಚ್' ಕೋರಿಕೆಗೆ ಒಡನೆ ಬರುವುದು ಆಟೋಗಳ ಪಟ್ಟಿಯಲ್ಲ, ತಲುಪಿತು ಎಂಬ ಸ್ವೀಕೃತಿ. ಆಟೋ, ದರ ಇತ್ಯಾದಿ ವಿವರ ಆಮೇಲೆ 'ಆನ್ ಸರ್ಚ್' ಎಂಬ ಬೇರೆ ಕರೆಯಾಗಿ ಎದುರು ಕಡೆಯಿಂದ ಬರುತ್ತದೆ. ಪುಟದಲ್ಲಿ ಇವೆರಡೂ ಬಿಡಿಬಿಡಿ ಸಾಲುಗಳು. ಯಾರು ಯಾರನ್ನು ಯಾವಾಗ ಕರೆಯಬೇಕು ಎಂದು ಹೇಳದಿದ್ದರೆ ಹೊಸಬರು ಖಾಲಿ ಉತ್ತರ ಬಂತೆಂದು ತಲೆ ಕೆಡಿಸಿಕೊಳ್ಳುತ್ತಾರೆ.

ಇದನ್ನು ಕಂಡವರು ಇನ್ನೊಂದು ತುದಿಗೆ ಹೋಗಿ, ಯಂತ್ರ ಕೊಟ್ಟ ದಾಖಲೆ ದಂಡ ಎನ್ನುವುದೂ ಉಂಟು. ಅದು ಅನ್ಯಾಯದ ಮಾತು. ಓಪನ್‌ಎಪಿಐನ 'ಡಿಸ್ಕ್ರಿಪ್ಷನ್' ಜಾಗದಲ್ಲಿ ಮಾರ್ಕ್‌ಡೌನ್ ಬರೆಯಬಹುದು: ಪ್ಯಾರಾ, ಪಟ್ಟಿ, ಕೊಂಡಿ ಎಲ್ಲಕ್ಕೂ ಅವಕಾಶವಿದೆ. ಕನ್ನಡದಲ್ಲೂ ಬರೆಯಬಹುದು, ಫೀಲ್ಡ್‌ಗಳ ಹೆಸರು ಹಾಗೇ ಇರಲಿ, ವಿವರಣೆ ಅಚ್ಚಗನ್ನಡದಲ್ಲಿದ್ದರೂ ಪುಟ ಸರಿಯಾಗಿಯೇ ಮೂಡುತ್ತದೆ. ಅನೇಕ ತಂಡಗಳು ಈ ಜಾಗವನ್ನು ಖಾಲಿ ಬಿಟ್ಟು ಸಾಧನವನ್ನು ದೂರುವುದು ನಿಜಕ್ಕೂ ಬೇಸರದ ಸಂಗತಿ.

ಸ್ವ್ಯಾಗರ್, ಓಪನ್‌ಎಪಿಐ ಪ್ರತಿಸ್ಪರ್ಧಿಗಳೆಂಬ ನಂಬಿಕೆಯೂ ಇದೆ. ವರ್ಡ್‌ನಿಕ್ ಸಂಸ್ಥೆಯಲ್ಲಿ ಹುಟ್ಟಿದ ಸ್ವ್ಯಾಗರ್ ಸ್ಪೆಕ್, 2015ರಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯಕ್ಕೆ ಬಂದು ಆಮೇಲೆ ಓಪನ್‌ಎಪಿಐ ಆಯಿತು. ಹಳೆಯ ಹೆಸರು ಸಾಧನಗಳಿಗೆ ಉಳಿಯಿತು.

ಎಲ್ಲಕ್ಕಿಂತ ಅಪಾಯದ ಕಲ್ಪನೆ ಬೇರೆ: ಫೈಲ್‌ನಿಂದ ಹುಟ್ಟಿದ ದಾಖಲೆ ಎಂದೂ ಹಳತಾಗದು ಎಂಬುದು. ಪುಟ ನಿಷ್ಠವಾಗಿರುವುದು ಫೈಲ್‌ಗೆ, ಓಡುತ್ತಿರುವ ಸರ್ವರ್‌ಗಲ್ಲ. ಬೆಕ್ನ್‌ನಲ್ಲಿ ದರದ ಮೌಲ್ಯವನ್ನು ಸ್ಟ್ರಿಂಗ್ ಆಗಿ ಕಳಿಸಬೇಕು. ಯಾರೋ ಕೋಡ್ ತಿದ್ದಿ ಅದನ್ನು ಬರೀ ಸಂಖ್ಯೆಯಾಗಿ ಕಳಿಸತೊಡಗಿದರೆ ಪುಟದಲ್ಲಿ ಒಂದಕ್ಷರವೂ ಬದಲಾಗದು, ಎದುರಿನ ಆ್ಯಪ್ ಕೆಡಬಹುದು. ಸ್ಕೀಮಾಥೆಸಿಸ್‌ನಂಥ ಸಾಧನಗಳು ಅದೇ ಸ್ಪೆಕ್ ಓದಿ ಸರ್ವರ್‌ಗೆ ನಿಜವಾದ ಕೋರಿಕೆ ಕಳಿಸಿ, ಬಂದ ಉತ್ತರವನ್ನು ತಾಳೆ ನೋಡುತ್ತವೆ. ಪ್ರತಿ ಬದಲಾವಣೆಯ ಜೊತೆ ಅವನ್ನು ಓಡಿಸಿ, 'ಆನ್ ಸರ್ಚ್'ನಂತೆ ಸರ್ವರ್ ತಾನೇ ಕಳಿಸುವ ಕರೆಗಳನ್ನೂ ಸ್ಪೆಕ್ ಜೊತೆ ತಾಳೆ ನೋಡಿದರೆ ಇಂಥ ವ್ಯತ್ಯಾಸ ಬಳಕೆದಾರರಿಗೆ ತಲುಪುವ ಮೊದಲೇ ಸಿಕ್ಕಿಬೀಳುತ್ತದೆ.