ಕಳೆಗೆ ಗಿಡವೇ ಮದ್ದಾದೀತೆ?

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಮುಂಗಾರಿನ ಮೊದಲ ಹನಿ ಬಿದ್ದೊಡನೆ ರಸ್ತೆಯ ಬದಿ, ಬೀಳು ಭೂಮಿ, ಶಾಲೆಯ ಅಂಗಳ ಎಲ್ಲೆಡೆ ತಲೆಯೆತ್ತುವುದು ಪಾರ್ಥೇನಿಯಂ, ನಮ್ಮ ಜನರ ಮಾತಿನಲ್ಲಿ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಪರದೇಶಿ ಸಸ್ಯ ಇಂದು ಇಲ್ಲದ ಊರಿಲ್ಲ. ಮುಟ್ಟಿದವರಲ್ಲಿ ಅನೇಕರಿಗೆ ತುರಿಕೆ, ಅದರ ಪರಾಗದಿಂದ ಉಬ್ಬಸ. ಇದರ ಬಲವಿರುವುದು ಪಾರ್ಥೆನಿನ್ ಎಂಬ ರಸದಲ್ಲಿ. ಅದು ಮಣ್ಣಿಗಿಳಿದು ಸುತ್ತಲಿನ ಇತರ ಬೀಜಗಳು ಮೊಳೆಯದಂತೆ ತಡೆಯುತ್ತದೆ.

ಕಳೆ ಕೀಳಲು ಆಳು ಸಿಗದಾದಾಗ ರೈತ ಕಳೆನಾಶಕದ ಡಬ್ಬಿಗೆ ಕೈ ಹಾಕುವುದು ಸಹಜ. ಆದರೆ ಪ್ಯಾರಾಕ್ವಾಟ್ ಹೊಟ್ಟೆ ಸೇರಿದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಸೀಮಿತಗೊಳಿಸಿತು. ಇಂತಹ ಡಬ್ಬಿಗಳು ಅಡುಗೆಮನೆಯ ಅಟ್ಟದ ಮೇಲಿರುವ ಮನೆಗಳನ್ನು ನಾವು ಕಂಡಿದ್ದೇವೆ. ಮಕ್ಕಳಿರುವ ಮನೆಯಲ್ಲಿ ಇದು ಸಲ್ಲದು.

ವಿಷಕ್ಕೆ ವಿಷವೇ ಮದ್ದೆನ್ನುವಂತೆ ಗಿಡದ ರಸವನ್ನು ಗಿಡದಿಂದಲೇ ಎದುರಿಸಬಹುದೆಂದು ಬಹುಕಾಲ ಪ್ರತಿಪಾದಿಸಿದವರು ನಮ್ಮ ಸೀಮೆಯವರೇ ಆದ ಡಾ. ಎಂ. ಮಹದೇವಪ್ಪನವರು. ಮಾದಾಪುರದಲ್ಲಿ 1937ರಲ್ಲಿ ಜನಿಸಿದ ಅವರು ಭತ್ತದ ತಳಿ ವಿಜ್ಞಾನಿಯಾಗಿ 'ರೈಸ್ ಮಹದೇವಪ್ಪ' ಎಂದೇ ಪ್ರಸಿದ್ಧರು, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, 2021ರಲ್ಲಿ ನಿಧನರಾದರು. ಭತ್ತದ ಕೀರ್ತಿಯ ಮರೆಯಲ್ಲಿ ಕಾಂಗ್ರೆಸ್ ಗಿಡದ ಮೇಲೆ ಅವರು ಹೂಡಿದ ಸಮರವನ್ನು ನಾವು ಸಾಕಷ್ಟು ನೆನೆಯುವುದಿಲ್ಲವೆಂಬುದು ನಮ್ಮ ಅನಿಸಿಕೆ.

ಅವರು ಮುಂದಿಟ್ಟದ್ದು ತಗಚೆಯ ಬಳಗಕ್ಕೆ ಸೇರಿದ ಕ್ಯಾಸಿಯಾ ಸೆರಿಸಿಯಾ ಎಂಬ ಗಿಡ. ಇದರ ಎಲೆ, ಕಾಂಡಗಳಿಂದ ಮಳೆನೀರಿನೊಡನೆ ಇಳಿಯುವ ಫೀನಾಲಿಕ್ ದ್ರವ್ಯಗಳು ಪಾರ್ಥೇನಿಯಂ ಬೀಜ ಮೊಳೆಯುವುದನ್ನು ಕುಗ್ಗಿಸುತ್ತವೆ, ದಟ್ಟವಾಗಿ ಬೆಳೆದ ಗಿಡದ ನೆರಳು ಉಳಿದುದನ್ನು ಅಡಗಿಸುತ್ತದೆ. ಮಳೆಗೆ ಮುನ್ನ ಬೀಳು ನೆಲದಲ್ಲಿ ಬೀಜ ಎರಚಿದರೆ ಫಲ ಒಂದೇ ವರ್ಷದಲ್ಲಿ ಕಾಣದು, ಹಲವು ಮಳೆಗಾಲ ಕಾಯಬೇಕು. ಇದೂ ಹೊರದೇಶದ ಸಸ್ಯವೇ, ಆದ್ದರಿಂದ ಉಳುವ ಹೊಲಕ್ಕಾಗಲಿ ಬಂಡೀಪುರದ ಕಾಡಂಚಿಗಾಗಲಿ ಇದನ್ನು ತರುವುದು ತರವಲ್ಲ. ಲಂಟಾನ ತಂದು ಕಾಡು ಪಟ್ಟ ಪಾಡು ಕಣ್ಣ ಮುಂದೆಯೇ ಇದೆ.

ಗುಂಡ್ಲುಪೇಟೆಯವರಿಗೆ ಇನ್ನೂ ಹತ್ತಿರದ ಗಿಡವೊಂದುಂಟು. ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ ಎಕರೆಗಟ್ಟಲೆ ಬೆಳೆಯುವ ಚೆಂಡುಹೂವು ಸಹ ಪಾರ್ಥೇನಿಯಮ್ಮಿಗೆ ಪೈಪೋಟಿ ಕೊಡಬಲ್ಲ ಸಸ್ಯಗಳ ಸಾಲಿನಲ್ಲಿದೆ. ಅದರ ಬೇರಿನ ರಸ ಮಣ್ಣಿನ ಜಂತುಹುಳುಗಳನ್ನೂ ತಗ್ಗಿಸುತ್ತದೆ. ಜೋಳದ ಬೇರಿನಿಂದ ಒಸರುವ ಸೋರ್ಗೋಲಿಯೋನ್ ಎಂಬ ಎಣ್ಣೆಯಂತಹ ದ್ರವ್ಯ ಸಣ್ಣ ಬೀಜದ ಕಳೆಗಳನ್ನು ಹತ್ತಿಕ್ಕುತ್ತದೆ.

ಹಾಗಾದರೆ ಈ ರಸಗಳನ್ನೇ ಬಾಟಲಿಗೆ ತುಂಬಿ ಸಿಂಪಡಿಸಬಾರದೇಕೆ? ಇವುಗಳಲ್ಲಿ ಹಲವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಬೇಗನೆ ಒಡೆದುಬಿಡುತ್ತವೆ. ಅದೇ ಗುಣ, ಅದೇ ದೋಷ. ಬಾಟಲ್ ಬ್ರಷ್ ಗಿಡದ ರಸದ ಜಾಡು ಹಿಡಿದು ಕಂಪನಿಗಳು ಮೀಸೋಟ್ರಿಯೋನ್ ಎಂಬ ಕಳೆನಾಶಕ ರೂಪಿಸಿದವು. ಆದರೆ ಕೊನೆಗೆ ಮಾರುಕಟ್ಟೆಗೆ ಬಂದುದು ಕಾರ್ಖಾನೆಯಲ್ಲಿ ಮಾರ್ಪಡಿಸಿದ ಕೃತಕ ವಸ್ತುವೇ.

ಸದ್ಯಕ್ಕೆ ಮನೆಮಂದಿ ಮಾಡಬಹುದಾದುದು ಇಷ್ಟು. ಬಾಳೆಯ ಸಾಲಿನ ನಡುವೆ ಜೋಳದ ಸೊಪ್ಪೆ ಹಾಸುವುದು. ಕಾಂಗ್ರೆಸ್ ಗಿಡವನ್ನು ಮಣ್ಣು ಹಸಿಯಿರುವಾಗ, ಹೂ ಬಿಡುವ ಮೊದಲೇ, ಕೈಗವಸು ತೊಟ್ಟು ಬೇರುಸಹಿತ ಕೀಳುವುದು. ಹೂ ಬಿಟ್ಟ ಗಿಡವನ್ನು ಮಾತ್ರ ತಿಪ್ಪೆಗೆ ಹಾಕಬೇಡಿ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಅವು ಗೊಬ್ಬರದೊಡನೆ ಮತ್ತೆ ಹೊಲ ಸೇರುತ್ತವೆ.