ಅಲ್ಯುಮಿನಿಯಂ ತಂತಿಗೆ ತಾಮ್ರ ಕೂಡುವಲ್ಲಿ

ಮನೆಯ ವೈರಿಂಗಿನಲ್ಲಿ ತೊಂದರೆ ಬಹುಪಾಲು ಜಾಯಿಂಟುಗಳಲ್ಲೇ ಹುಟ್ಟುತ್ತದೆ. ಅದರಲ್ಲೂ ಅಲ್ಯುಮಿನಿಯಂ ತಂತಿಗೆ ತಾಮ್ರದ ತಂತಿ ಸುತ್ತಿ, ಮೇಲೆ ಟೇಪು ಹಚ್ಚಿದ ಜಾಯಿಂಟು ತೀರ ಅಪಾಯದ್ದು. ರೋಣ, ನರಗುಂದ, ಗಜೇಂದ್ರಗಡದ ಹಳೆಯ ಮನೆಗಳಲ್ಲಿ ಈ ಎರಡು ಲೋಹ ಎದುರಾಗುವ ಸಂದರ್ಭ ಸುಲಭವಾಗಿ ಬರುತ್ತದೆ. ಮಣ್ಣಿನ ಮಾಳಿಗೆಯ ಕೋಣೆಗಳಲ್ಲಿ ಜಂತಿಗೆ ಕಟ್ಟಿಗೆಪಟ್ಟಿ ಬಡಿದು, ಕ್ಲಿಪ್ಪು ಹಾಕಿ ಎಳೆದ ಹಳೆಯ ತಂತಿ ಅಲ್ಯುಮಿನಿಯಮ್ಮಿನದಾಗಿದ್ದರೆ, ಹಿತ್ತಲಲ್ಲಿ ಆರ್‌ಸಿಸಿ ಕೋಣೆಯನ್ನೋ ಬಚ್ಚಲನ್ನೋ ಕಟ್ಟಿದಾಗ ಹೊಸ ತಾಮ್ರದ ತಂತಿ ಅದಕ್ಕೇ ಕೂಡುತ್ತದೆ. ವಿದ್ಯುತ್ ಕಂಪನಿಯಾದ ಹೆಸ್ಕಾಂನ ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರು ಕೂಡ ಸಾಮಾನ್ಯವಾಗಿ ಅಲ್ಯುಮಿನಿಯಮ್ಮೇ.

ಅಲ್ಯುಮಿನಿಯಮ್ಮನ್ನು ಕೆರೆದು ಹೊಳಪು ಬರಿಸಿದರೂ ಗಾಳಿ ತಾಕಿದ ಕ್ಷಣದಲ್ಲೇ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ಈ ಪೊರೆ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಬಿಸಿಯಾದಾಗ ಅಲ್ಯುಮಿನಿಯಂ ತಾಮ್ರಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ದಿನಾಲೂ ಇದು ನಡೆದರೆ ಬಿಗಿದ ಸ್ಕ್ರೂ ಕೂಡ ಸಡಿಲಾಗುತ್ತದೆ. ಬಚ್ಚಲಿನ ಗೋಡೆಯ ತೇವ ಸೇರಿದರೆ ಎರಡು ಲೋಹಗಳ ನಡುವೆ ರಾಸಾಯನಿಕ ಕ್ರಿಯೆ ಶುರುವಾಗಿ ಅಲ್ಯುಮಿನಿಯಂ ಸವೆಯುತ್ತದೆ.

ಇಷ್ಟರ ಪರಿಣಾಮ ಶಾಖ. 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಕೆಟ್ಟ ಜಾಯಿಂಟಿನಲ್ಲಿ ಅರ್ಧ ಓಮ್ ತಡೆ ಇದ್ದರೂ ಸಾಕು, ಬೆರಳ ತುದಿಯಷ್ಟು ಜಾಗದಲ್ಲಿ 35 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಇದನ್ನು ಮಿತಿಮೀರಿದ ವಿದ್ಯುತ್ತಿಗೆ ಬೀಳುವ ಎಂಸಿಬಿ ಹಿಡಿಯಲಾರದು, ಏಕೆಂದರೆ ಹರಿಯುವ ವಿದ್ಯುತ್ತು ಮಿತಿಯೊಳಗೇ ಇರುತ್ತದೆ. ನೆಲಕ್ಕೆ ಸೋರಿಕೆ ಇಲ್ಲದ್ದರಿಂದ, ಅದನ್ನು ಹಿಡಿಯುವ ಆರ್‌ಸಿಸಿಬಿಯೂ ಬೀಳುವುದಿಲ್ಲ. ಮನೆಯವರಿಗೆ ಸಿಗುವ ಸೂಚನೆಗಳು ಬೇರೆ: ದೀಪ ಮಿಣುಕುವುದು, ಸ್ವಿಚ್ ಬೋರ್ಡು ಹಳದಿಯಾಗುವುದು, ಮುಟ್ಟಿದರೆ ಬೆಚ್ಚಗಿರುವುದು, ಸುಟ್ಟ ಪ್ಲಾಸ್ಟಿಕ್ಕಿನ ಕಮಟು.

ಸರಿಯಾದ ಜೋಡಣೆಯಲ್ಲಿ ಎರಡು ತಂತಿ ಒಂದಕ್ಕೊಂದು ತಾಕುವುದೇ ಇಲ್ಲ. ಮೊದಲು ಮೇನ್ ಆಫ್ ಮಾಡಿ, ತಂತಿಯಲ್ಲಿ ಕರೆಂಟು ಇಲ್ಲವೆಂದು ಪರೀಕ್ಷಿಸಬೇಕು. ಪ್ಲಾಸ್ಟಿಕ್ ಸುಲಿಯುವಾಗ ಚಾಕುವಿನ ಗೀರು ಬಿದ್ದರೆ ಅಲ್ಯುಮಿನಿಯಂ ಅಲ್ಲಿಯೇ ಮುರಿಯುತ್ತದೆ, ಆದ್ದರಿಂದ ಸ್ಟ್ರಿಪ್ಪರ್ ಬಳಸುವುದು ಒಳ್ಳೆಯದು. ಸುಲಿದ ತುದಿಯನ್ನು ಬ್ರಶ್ಶಿನಿಂದ ಉಜ್ಜಿ, ಕೂಡಲೇ ಆಕ್ಸೈಡ್ ತಡೆಯುವ ಪೇಸ್ಟ್ ಹಚ್ಚಬೇಕು. ಆಮೇಲೆ ಎರಡೂ ಲೋಹಕ್ಕೆ ಹೊಂದುತ್ತದೆಂದು ತಯಾರಕರೇ ಗುರುತು ಹಾಕಿರುವ ಕನೆಕ್ಟರಿನಲ್ಲಿ ಒಂದೊಂದು ತಂತಿಯನ್ನು ಬೇರೆ ಬೇರೆ ಸ್ಕ್ರೂ ಕೆಳಗೆ ಬಿಗಿಯಬೇಕು. ದಪ್ಪ ಕೇಬಲ್ಲಿಗೆ ಎರಡೂ ಲೋಹದಿಂದ ಮಾಡಿದ ಬೈಮೆಟಲ್ ಲಗ್ ಹಾಕಿ ಕ್ರಿಂಪ್ ಮಾಡುವುದು, ಅಂದರೆ ಒತ್ತಿ ಬಿಗಿಯುವುದು, ಕ್ರಮ. ಜಾಯಿಂಟು ಮುಚ್ಚಳವಿರುವ ಬಾಕ್ಸಿನಲ್ಲಿರಬೇಕು. ಗಿಲಾವಿನೊಳಗೆ ಹೂತ ಜಾಯಿಂಟನ್ನು ಯಾರೂ ಮತ್ತೆ ತೆಗೆದು ನೋಡಲಾರರು.

ತಾಮ್ರಕ್ಕೆ ತಾಮ್ರ ಕೂಡುವಾಗಲೂ ಎಚ್ಚರ ಬೇಕು. ಎಳೆಎಳೆಯ ಫ್ಲೆಕ್ಸಿಬಲ್ ವೈರನ್ನು ಒಂಟಿ ತಂತಿಗೆ ಕೂಡಿಸುವಾಗ ತುದಿಗೆ ಫೆರೂಲ್ ಎಂಬ ಪುಟ್ಟ ಲೋಹದ ಕೊಳವೆ ಕ್ರಿಂಪ್ ಮಾಡಿದರೆ ಎಲ್ಲ ಎಳೆಗಳೂ ಸ್ಕ್ರೂ ಕೆಳಗೆ ನಿಲ್ಲುತ್ತವೆ. ಬೆಸುಗೆ ಹಾಕಿದ ತುದಿಯನ್ನು ಸ್ಕ್ರೂ ಕೆಳಗಿಡಬಾರದು, ಒತ್ತಡಕ್ಕೆ ಮೆತ್ತನೆಯ ಬೆಸುಗೆ ಸರಿದು ಹಿಡಿತ ತಪ್ಪುತ್ತದೆ.

ತಂತಿಯ ಗಾತ್ರದ ಲೆಕ್ಕವನ್ನು ಹಲವರು ಮರೆಯುತ್ತಾರೆ. 1.5 ಚದರ ಮಿ.ಮೀ. ತಾಮ್ರದ ಕೆಲಸಕ್ಕೆ ಅಲ್ಯುಮಿನಿಯಮ್ಮಾದರೆ 2.5 ಬೇಕು. ಹಳೆಯ ದೀಪದ ಲೈನಿಗೆ ಎಷ್ಟೇ ದಪ್ಪ ತಾಮ್ರ ಕೂಡಿಸಿದರೂ ಅದರ ಶಕ್ತಿ ಹಳೆಯ ತಂತಿಯಷ್ಟೇ. ಎಂಸಿಬಿಯನ್ನೂ ಆ ದುರ್ಬಲ ತಂತಿಗೆ ತಕ್ಕಂತೆಯೇ ಆರಿಸಬೇಕು. ಗೀಸರ್, ಪಂಪ್, ಎಸಿಗಳಿಗೆ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ತಾಮ್ರದ ಲೈನ್ ಎಳೆಯುವುದು ಎಲ್ಲಕ್ಕಿಂತ ಒಳ್ಳೆಯ ದಾರಿ, ಅಲ್ಲಿ ಈ ಜಾಯಿಂಟಿನ ಪ್ರಶ್ನೆಯೇ ಬರುವುದಿಲ್ಲ.

ಅರ್ಥಿಂಗ್ ಜೋಡಣೆಯದೂ ಇದೇ ಕಥೆ. ಜಿಐ ಪೈಪಿಗೆ ತಾಮ್ರದ ತಂತಿ ನೇರ ಸುತ್ತಿದರೆ ಸತುವಿನ ಲೇಪ ಸವೆದು ತುಕ್ಕು ಹಿಡಿಯುತ್ತದೆ. ಈ ಭಾಗದ ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಪೈಪಿನಿಂದ ದೂರ ಸರಿಯುವುದರಿಂದ, ಅರ್ಥಿಂಗ್ ಗುಂಡಿಗೆ ನೀರು ಹಾಕುವಾಗಲೇ ತಂತಿಯನ್ನು ಪೈಪಿಗೆ ಹಿಡಿದಿಡುವ ಕ್ಲ್ಯಾಂಪನ್ನೂ ನೋಡಿ ಬಿಗಿಯಬೇಕು.

ಕಂಬದಿಂದ ಮೀಟರಿನವರೆಗಿನ ಜೋಡಣೆ ಹೆಸ್ಕಾಂ ಸಿಬ್ಬಂದಿಯ ಕೆಲಸ, ದೂರಿಗೆ 1912. ಮೀಟರಿನಿಂದ ಒಳಗಿನದನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು, ಮತ್ತು ಗಿಲಾವು ಮುಚ್ಚುವ ಮೊದಲು ಪ್ರತಿ ಬಾಕ್ಸನ್ನೂ ಮನೆಯವರು ತೆಗೆಸಿ ನೋಡಬೇಕು.