ಆನ್‌ಲೈನ್ ಕಲಿಕೆ: ವಿದ್ಯಾರ್ಥಿಗಳಿಗೆ ಆಗುವ ಲಾಭ, ಎದುರಾಗುವ ತೊಡಕು

2021ರ ಜೂನ್ ತಿಂಗಳಲ್ಲಿ ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಒಂದು ಚಿತ್ರ ನಾಡಿನಾದ್ಯಂತ ಹರಿದಾಡಿತು. ಸುರಿಯುವ ಮಳೆ, ರಸ್ತೆಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿರುವ ಮಗಳು, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ತಂದೆ. ಮನೆಯಲ್ಲಿ ನೆಟ್‌ವರ್ಕ್ ಸಿಗದ ಕಾರಣ ಅವರು ಅಲ್ಲಿಗೆ ಬಂದಿದ್ದರು. ಆನ್‌ಲೈನ್ ಶಿಕ್ಷಣದ ಲಾಭ ಮತ್ತು ಕಷ್ಟ ಎರಡೂ ಆ ಒಂದೇ ಚಿತ್ರದಲ್ಲಿದ್ದವು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠ ಏಕಾಏಕಿ ಮೊಬೈಲಿಗೆ ಬಂತು. ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿತು; ಅದೇ ವರ್ಷ ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರದ 'ಪ್ರಜ್ಞಾತಾ' ಮಾರ್ಗಸೂಚಿ ಬಂತು. ಪೂರ್ವ ಪ್ರಾಥಮಿಕ ಮಕ್ಕಳಿಗೆ ದಿನಕ್ಕೆ 30 ನಿಮಿಷ ಮೀರಬಾರದು, 1ರಿಂದ 8ನೇ ತರಗತಿಗೆ 30ರಿಂದ 45 ನಿಮಿಷಗಳ ಎರಡು ಅವಧಿ, 9ರಿಂದ 12ಕ್ಕೆ ಅಂಥ ನಾಲ್ಕು ಅವಧಿ ಸಾಕು ಎಂದು ಅದು ಹೇಳಿತು. ಇಂದಿಗೂ ಸಂಜೆ ಟ್ಯೂಷನ್ನನ್ನು ಪರದೆಯ ಮೇಲೆ ಕೇಳುವ ಮಕ್ಕಳ ಪೋಷಕರಿಗೆ ಈ ಲೆಕ್ಕ ಉಪಯುಕ್ತವೇ.

ಮೊದಲ ತೊಡಕು ಸಲಕರಣೆಯದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 4.4ರಲ್ಲಿ ಮಾತ್ರ, ನಗರದಲ್ಲಿ ಶೇ. 23.4. ನಂತರ ಮೊಬೈಲ್ ಮನೆಮನೆಗೆ ಬಂದಿದೆ ನಿಜ. ಆದರೆ ಒಂದೇ ಫೋನು, ಇಬ್ಬರು ಮಕ್ಕಳು, ಅದೇ ಫೋನಿನಲ್ಲಿ ಅಪ್ಪನ ಅಂಗಡಿಯ ವ್ಯವಹಾರ ಎಂದಾಗ ಯಾರ ಪಾಠ ತಪ್ಪುತ್ತದೆ ಎಂಬುದನ್ನು ಗಮನಿಸಬೇಕು. ಬಹಳ ಮನೆಗಳಲ್ಲಿ ಅದು ಹೆಣ್ಣುಮಗುವಿನದು. ಆ ದಿನಗಳಲ್ಲಿ ಚಂದನ ವಾಹಿನಿಯಲ್ಲಿ ಬಂದ ಪಾಠಗಳು, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದ 'ವಿದ್ಯಾಗಮ' ಯೋಜನೆ ಈ ಕೊರತೆಯನ್ನು ಸ್ವಲ್ಪ ತುಂಬಿದವು.

ಇನ್ನು ಲಾಭದ ಮಾತು. ತರಗತಿಯಲ್ಲಿ ಒಮ್ಮೆ ತಪ್ಪಿದ ಪಾಠ ಮತ್ತೆ ಸಿಗದು. ಧ್ವನಿಮುದ್ರಿತ ಪಾಠವನ್ನು ಅರ್ಥವಾಗುವವರೆಗೆ ಹಿಂದೆ ಓಡಿಸಿ ಕೇಳಬಹುದು. ಗಣಿತದಲ್ಲಿ ಹಿಂದುಳಿದ, ಪ್ರಶ್ನೆ ಕೇಳಲು ಸಂಕೋಚಪಡುವ ಮಗುವಿಗೆ ಇದು ದೊಡ್ಡ ಸಹಾಯ. 2017ರಲ್ಲಿ ಆರಂಭವಾದ 'ದೀಕ್ಷಾ' ವೇದಿಕೆಯಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ಉಚಿತವಾಗಿ ತೆರೆಯುತ್ತದೆ. ಸಿಗ್ನಲ್ ಇರುವ ಕಡೆ ಡೌನ್‌ಲೋಡ್ ಮಾಡಿಕೊಂಡು ಮನೆಯಲ್ಲಿ ನೋಡಲೂ ಬಹುದು.

ಕಾಲೇಜು ವಿದ್ಯಾರ್ಥಿಗಳಿಗೆ 'ಸ್ವಯಂ' ಇದೆ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠವನ್ನು ಕಾರ್ಕಳದಲ್ಲಿಯೋ ಚಿಕ್ಕೋಡಿಯಲ್ಲಿಯೋ ಕುಳಿತು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ಹೀಗೆ ಪೂರೈಸಲು ಅವಕಾಶವಿದೆ. ಆದರೆ ತಮ್ಮ ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೋರ್ಸ್ ಮುಗಿಸಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಪರದೆಯಿಂದ ಆಗದ ಕೆಲಸಗಳೂ ಇವೆ. ಪ್ರಯೋಗಾಲಯದಲ್ಲಿ ಕೈಯಾರೆ ಮಾಡುವುದನ್ನು ವಿಡಿಯೊ ಕಲಿಸದು. ಬರೆಯುವ ರೂಢಿ ತಪ್ಪುತ್ತದೆ. ಕಣ್ಣು ನೋಯುತ್ತದೆ, ಪಾಠದ ನಡುವೆ ಆಟದ ಆ್ಯಪ್ ಕರೆಯುತ್ತದೆ. ಮುಖ್ಯವಾಗಿ, ಮಗುವಿನ ಮುಖ ನೋಡಿ 'ಇವನಿಗೆ ತಿಳಿದಿಲ್ಲ' ಎಂದು ಗುರುತಿಸುವ ಶಿಕ್ಷಕರು ಅಲ್ಲಿಲ್ಲ. ಪ್ರಾಥಮಿಕ ತರಗತಿಗಳಿಗೆ ಆನ್‌ಲೈನ್ ಪಾಠ ಪೂರಕವಾಗಬಹುದೇ ಹೊರತು ಶಾಲೆಗೆ ಬದಲಿಯಾಗಲಾರದು.

ಹಣದ ವಿಷಯದಲ್ಲಿ ಎಚ್ಚರ ಬೇಕು. ಉಚಿತ ಡೆಮೊ ಎಂದು ಆರಂಭವಾಗಿ, ಮಗುವಿನ ಭವಿಷ್ಯದ ಹೆಸರಿನಲ್ಲಿ ಹೆದರಿಸಿ, ಪೋಷಕರಿಂದ ವರ್ಷಗಟ್ಟಲೆಯ ಕಂತಿನ ಸಾಲಕ್ಕೆ ಸಹಿ ಹಾಕಿಸುವ ಮಾರಾಟದ ರೀತಿ ಬಗ್ಗೆ ದೂರುಗಳು ಬಂದವು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೇ ಸೂಚನೆ ಹೊರಡಿಸಿ, ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆಗೆ ಒಪ್ಪಿಗೆ ಕೊಡಬೇಡಿ, ಷರತ್ತುಗಳನ್ನು ಓದದೆ ಮುಂದುವರಿಯಬೇಡಿ ಎಂದಿತು.

ಆನ್‌ಲೈನ್ ಪದವಿಗೆ ಸೇರುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಯುಜಿಸಿ ಅನುಮತಿ ಪಡೆದ ಸಂಸ್ಥೆಯ ಆನ್‌ಲೈನ್ ಪದವಿಗೆ ಸಾಮಾನ್ಯ ಪದವಿಯಷ್ಟೇ ಮಾನ್ಯತೆ ಇದೆ. ಆದರೆ ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳಿಗೆ ಈ ಅನುಮತಿ ಇಲ್ಲ. ಯಾರಾದರೂ ಇವನ್ನು ಮನೆಯಲ್ಲೇ ಕುಳಿತು ಪಡೆಯಬಹುದೆಂದರೆ ನಂಬುವಂತಿಲ್ಲ. ಅನುಮತಿ ಪಡೆದ ಸಂಸ್ಥೆಗಳ ಪಟ್ಟಿ ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿದ್ದು, ಶುಲ್ಕ ಕಟ್ಟುವ ಮೊದಲು ಆ ವರ್ಷದ ಪಟ್ಟಿಯಲ್ಲಿ ಸಂಸ್ಥೆಯ ಜೊತೆಗೆ ಕೋರ್ಸಿನ ಹೆಸರೂ ಇದೆಯೇ ಎಂದು ನೋಡಿಕೊಳ್ಳಬೇಕು.